ಪಮ್ಮಲ್ ಸಂಬಂಧ ಮುದಲಿಯಾರರೂ ಬಳ್ಳಾರಿಯ ನಾಟಕ ಸಭೆಯೂ

ಮದರಾಸಿನ ದಕ್ಷಿಣಕ್ಕಿರುವ ಪಲ್ಲಾವರಂ ನಾಟಕದ ಚರಿತ್ರೆಯಲ್ಲಿ ಎರಡು ಕಾರಣಗಳಿಂದ ಸ್ಮರಣೀಯವಾದುದು. ಅಲ್ಲಿಯ ಗುಹಾಲಯವನ್ನು ಕೊರೆಯಿಸಿದ ಪಲ್ಲವ ದೊರೆ ಒಂದನೆಯ ಮಹೇಂದ್ರವರ್ಮನು ‘ಮತ್ತವಿಲಾಸ’ವೆಂಬ ಸಂಸ್ಕೃತ ಪ್ರಹಸನದ ಕರ್ತೃ. ಊರಿನ ನೆರೆಯಲ್ಲಿರುವ ಪಮ್ಮಲ್, ಆಧುನಿಕ ತಮಿಳು ನಾಟಕದ ಪಿತಾಮಹರೆನಿಸಿದ ಸಂಬಂಧ ಮುದಲಿಯಾರರ (1873–1964) ಹೆಸರಿನೊಡನೆ ಸೇರಿಹೋದ ಗ್ರಾಮ. ಈ ಎರಡನೆಯ ಸ್ಮರಣೆಯಲ್ಲಿ ಬಳ್ಳಾರಿಗೂ ಒಂದು ಪಾಲುಂಟು.

1891ರಲ್ಲಿ ಬಳ್ಳಾರಿಯ ಸರಸವಿನೋದಿನೀ ಸಭೆಯವರು ಮದರಾಸಿಗೆ ಬಂದು ತೆಲುಗು ನಾಟಕಗಳನ್ನು ಆಡಿದರು. ಸಭೆಯ ಮುಖಂಡರಾದ ಧರ್ಮವರಂ ಕೃಷ್ಣಮಾಚಾರ್ಯರು ವಕೀಲರು, ಸಂಗಡಿಗರೂ ವಿದ್ಯಾವಂತರೇ. ನಾಟಕವಾಡುವುದು ಮರ್ಯಾದಸ್ಥರಿಗೆ ತಕ್ಕುದಲ್ಲವೆಂಬ ಭಾವನೆ ಬಲವಾಗಿದ್ದ ಕಾಲವದು. ಆವರೆಗೆ ತಮಿಳು ನಾಟಕಗಳನ್ನು ಹಗುರವಾಗಿ ಕಂಡಿದ್ದ ಹದಿನೆಂಟರ ತರುಣ ಸಂಬಂಧರಿಗೆ ಈ ಪ್ರದರ್ಶನಗಳು ಕಣ್ತೆರೆಯಿಸಿದುವು. ಅದೇ ವರ್ಷದ ಜುಲೈ 1ರಂದು ಅವರು ಕೆಲವೇ ಗೆಳೆಯರೊಡನೆ ಸುಗುಣವಿಲಾಸ ಸಭೆಯನ್ನು ಸ್ಥಾಪಿಸಿದರು.

ಸಭೆಯೇನೋ ಹುಟ್ಟಿತು, ಆಡಲು ತಕ್ಕ ನಾಟಕಗಳೆಲ್ಲಿ? ಹಾಡುಗಳಿಂದ ತುಂಬಿ, ರಾತ್ರಿಯೆಲ್ಲ ನಡೆಯುತ್ತಿದ್ದ ಆಟಗಳು ಈ ಹವ್ಯಾಸಿಗಳ ಉದ್ದೇಶಕ್ಕೆ ಒದಗುವಂತಿರಲಿಲ್ಲ. ಆದುದರಿಂದ ಸಂಬಂಧರೇ ಲೇಖನಿ ಹಿಡಿದರು. ಗದ್ಯ ಸಂಭಾಷಣೆಗೆ ಪ್ರಾಧಾನ್ಯವಿತ್ತು, ‘ಲೀಲಾವತಿ-ಸುಲೋಚನ’, ‘ಮನೋಹರ’ ಮೊದಲಾದ ಸ್ವತಂತ್ರ ನಾಟಕಗಳನ್ನೂ ‘ಸಭಾಪತಿ’ಯಂತಹ ಪ್ರಹಸನವನ್ನೂ ರಚಿಸಿದರು. ಜೊತೆಗೆ ಷೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ‘ಅಮಲಾದಿತ್ಯನ್’ ಆಯಿತು, ‘ಮ್ಯಾಕ್‌ಬೆತ್’ ‘ಮಗಪತಿ’ಯಾಯಿತು, ವೆನಿಸಿನ ವರ್ತಕನು ‘ವಾಣೀಪುರ ವಣಿಕನ್’ ಆದನು. ಹೆಸರುಗಳನ್ನೂ ಆವರಣವನ್ನೂ ದೇಶೀಯಗೊಳಿಸಿ ಕಥೆಯ ಕಟ್ಟನ್ನು ಉಳಿಸಿಕೊಳ್ಳುವುದು ಅವರ ರೂಪಾಂತರದ ಕ್ರಮ. ವಿಕ್ಟೋರಿಯಾ ಪಬ್ಲಿಕ್ ಹಾಲಿನ ರಂಗದ ಮೇಲೆ ಈ ಎರಡು ಬಗೆಯ ಕೃತಿಗಳೂ ಬೆಳಕು ಕಂಡುವು.

ಕನ್ನಡದಲ್ಲಿಯೂ ಇಂಥ ಪ್ರಯತ್ನ ಇದಕ್ಕೆ ಮೊದಲೇ ನಡೆದಿತ್ತು. ಬಸವಪ್ಪ ಶಾಸ್ತ್ರಿಗಳ ‘ಶೂರಸೇನ ಚರಿತ್ರೆ’ ‘ಒಥೆಲೊ’ದ ರೂಪಾಂತರ. ಆದರೆ ಮೈಸೂರಿನ ರಂಗಭೂಮಿಗೆ ಅರಮನೆಯ ಆಶ್ರಯವಿತ್ತು. ಮದರಾಸಿನ ಸಭೆಗೆ ಸದಸ್ಯರ ಉತ್ಸಾಹವೇ ಆಶ್ರಯ. ವಕೀಲರಾಗಿ, ಮುಂದೆ ನ್ಯಾಯಾಧೀಶರೂ ಆದ ಸಂಬಂಧರು ತಾವೇ ಬಣ್ಣ ಹಚ್ಚಿದುದರಿಂದ ನಟನಿಗೆ ದೊರೆತ ಗೌರವ ಸಾಮಾನ್ಯವಾದುದಲ್ಲ. 1959ರಲ್ಲಿ ಅವರಿಗೆ ಪದ್ಮಭೂಷಣ ಸಂದಿತು.

ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದರಾಸು ಆಡಳಿತಕ್ಕೆ ಸೇರಿದ್ದ ಜಿಲ್ಲೆ. ಕೃಷ್ಣಮಾಚಾರ್ಯರ ಸೋದರಳಿಯ ಬಳ್ಳಾರಿ ರಾಘವರು (1880–1946) ತೆಲುಗು, ಕನ್ನಡ, ಇಂಗ್ಲಿಷ್ ಮೂರರಲ್ಲಿಯೂ ಅಭಿನಯಿಸಿದವರು. ಚರಿತ್ರೆಯನ್ನು ಭಾಷೆಗೊಂದರಂತೆ ಹಂಚಿಕೊಂಡರೆ ಇಂಥವರು ಎಲ್ಲಿಯೂ ಪೂರ್ಣವಾಗಿ ಸೇರರು. ಕನ್ನಡ ನೆಲದಿಂದ ಹೊರಟ ತೆಲುಗು ನಾಟಕವೊಂದು ತಮಿಳು ರಂಗಭೂಮಿಗೆ ಹೊಸ ಹಾದಿ ತೋರಿತು. ಇದರಲ್ಲಿ ಹಿರಿಮೆ ಯಾರದೆಂದು ವಾದಿಸುವುದಕ್ಕಿಂತ, ಮೂರು ಭಾಷೆಗಳ ದಾಖಲೆಗಳನ್ನೂ ಒಟ್ಟಿಗಿಟ್ಟು ಓದುವುದು ಮೇಲು. ಹೊರನಾಡಿನಲ್ಲಿ ನೆಲಸಿ ನೆರೆಯ ಭಾಷೆಗಳನ್ನು ಬಲ್ಲ ಕನ್ನಡಿಗರಿಗೆ ಆ ಕೆಲಸ ಹೆಚ್ಚು ಸುಲಭವಾದೀತು.