ಬೆಳ್ಳಿಯ ತಗಡಿಗೆ ಹೊನ್ನಿನ ಲೇಪ

ನಮ್ಮ ಮಾತಿನಲ್ಲಿ ‘ಗಿಲೀಟು’ ಎಂಬುದಕ್ಕೆ ಒಳ್ಳೆಯ ಅರ್ಥವಿಲ್ಲ. ಹಿತ್ತಾಳೆಯನ್ನು ಹೊನ್ನೆಂದು ತೋರಿಸುವ ಮೋಸಕ್ಕೆ ಆ ಹೆಸರು. ಆದರೆ ಛಾಯಾಚಿತ್ರಕಲೆಯ ಬಾಲ್ಯದಲ್ಲಿ ಚಿನ್ನದ ಲೇಪವು ಮೋಸವಾಗಿರಲಿಲ್ಲ; ಮನುಷ್ಯನ ಮುಖವನ್ನು ಅಳಿಯದಂತೆ ಕಾಯುವ ಕವಚವಾಗಿತ್ತು.

1839ರ ಆಗಸ್ಟ್ 19ರಂದು ಪ್ಯಾರಿಸ್ಸಿನಲ್ಲಿ ಡಗೇರನ ವಿಧಾನವು ಬಹಿರಂಗವಾಯಿತು. ಬೆಳ್ಳಿ ಹೊದಿಸಿದ ತಾಮ್ರದ ತಗಡನ್ನು ಕನ್ನಡಿಯಂತೆ ಉಜ್ಜಿ, ಅಯೊಡಿನ್ ಹಬೆ ತಾಗಿಸಿ, ಕ್ಯಾಮರದಲ್ಲಿಟ್ಟು ಬೆಳಕು ತೋರಿ, ಪಾದರಸದ ಹಬೆಯಿಂದ ಚಿತ್ರವನ್ನು ಮೂಡಿಸಿ, ಹೈಪೊ ದ್ರಾವಣದಲ್ಲಿ ತೊಳೆಯಬೇಕು. ಹೀಗೆ ಮೂಡಿದ ಚಿತ್ರವೇನೋ ಅತಿ ಸೂಕ್ಷ್ಮ. ಆದರೆ ಬೆರಳು ಸೋಕಿದರೆ ಚಿಟ್ಟೆಯ ರೆಕ್ಕೆಯ ಪುಡಿಯಂತೆ ಅಳಿಸಿಹೋಗುತ್ತಿತ್ತು.

ಇದಕ್ಕೆ ಉಪಾಯವನ್ನು 1840ರಲ್ಲಿ ಕಂಡುಹಿಡಿದವನು ಫಿಜೋ ಎಂಬ ಇಪ್ಪತ್ತರ ತರುಣ. (1849ರಲ್ಲಿ ಭೂಮಿಯ ಮೇಲೆಯೇ ಬೆಳಕಿನ ವೇಗವನ್ನು ಅಳೆದವನೂ ಈತನೇ.) ಒಂದು ಗ್ರಾಂ ಚಿನ್ನದ ಕ್ಲೋರೈಡನ್ನು ಅರ್ಧ ಲೀಟರ್ ನೀರಿನಲ್ಲಿಯೂ ಮೂರು ಗ್ರಾಂ ಹೈಪೊವನ್ನು ಇನ್ನರ್ಧ ಲೀಟರಿನಲ್ಲಿಯೂ ಕರಗಿಸಿ, ಚಿನ್ನದ ನೀರನ್ನು ಹೈಪೊದೊಳಗೆ ಸ್ವಲ್ಪಸ್ವಲ್ಪವಾಗಿ ಹೊಯ್ದು ಕಲಕಬೇಕು. ತಗಡನ್ನು ಮಟ್ಟಸವಾಗಿ ನಿಲ್ಲಿಸಿ, ಅದರ ಮೇಲೆ ಈ ದ್ರಾವಣವನ್ನು ತುಂಬಿ, ಕೆಳಗಿನಿಂದ ಸ್ಪಿರಿಟ್ ದೀಪ ಹಿಡಿದರೆ ನೋಡುನೋಡುತ್ತಲೇ ಬೆಳಕಿನ ಭಾಗಗಳು ಹೊಳಪಾಗಿ, ನೆರಳುಗಳು ಗಾಢವಾಗುತ್ತಿದ್ದವು.

ಕಷ್ಟವೆಲ್ಲ ಇದ್ದುದು ಆ ದೀಪದಲ್ಲಿಯೇ. ಕಾವು ಸಾಲದಿದ್ದರೆ ಚಿತ್ರವು ಮಂಕಾಗಿಯೇ ಉಳಿಯುವುದು. ಒಂದೇ ಕಡೆ ತಾಗಿದರೆ ಮಚ್ಚೆ ಬೀಳುವುದು. ಸಣ್ಣ ಗುಳ್ಳೆಗಳು ಎದ್ದು ಚಿತ್ರವು ಬೆಳಗಿದೊಡನೆ ದೀಪವನ್ನು ತೆಗೆಯಬೇಕು. ಇನ್ನೂ ಚೆನ್ನಾಗಲೆಂದು ಆಸೆಪಟ್ಟು ತಡೆದರೆ ಮೇಲಿನ ಪದರವು ಸಿಪ್ಪೆಯಾಗಿ ಏಳುತ್ತಿತ್ತು. ದೀಪದ ಮೇಲೆ ತಪ್ಪು ಹೊರಿಸುವ ಮುನ್ನ ಹಿಂದಿನ ಕೆಲಸವನ್ನೂ ನೋಡಬೇಕು: ಜಿಡ್ಡು ಉಳಿದಿದ್ದರೆ ದ್ರಾವಣವು ಅಲ್ಲಿ ಹರಡದು, ತೊಳೆಯುವುದರಲ್ಲಿ ಅವಸರಪಟ್ಟಿದ್ದರೆ ಕಲೆ ಕಾಣುವುದು. ಎಲ್ಲವೂ ಸರಿಯಾದ ಮೇಲೆಯೂ, ಬಟ್ಟಿಯಿಳಿಸಿದ ನೀರಿನಲ್ಲಿ ತೊಳೆದು, ಒಂದು ಮೂಲೆಯಿಂದ ಕ್ರಮವಾಗಿ ಒಣಗಿಸದಿದ್ದರೆ ನೀರಿನ ಗೆರೆಯು ಮುಖದ ಮೇಲೆಯೇ ನಿಲ್ಲುತ್ತಿತ್ತು.

ಪುಟವಿಡುವ ನಮ್ಮ ಅಕ್ಕಸಾಲಿಗೆ ಒಡವೆ ಕೆಟ್ಟರೆ ಮತ್ತೆ ಕರಗಿಸುವ ಅವಕಾಶವುಂಟು. ಇಲ್ಲಿಯೂ ತಗಡನ್ನು ಉಜ್ಜಿ ಮತ್ತೆ ಬಳಸಬಹುದಾಗಿತ್ತು. ಆದರೆ ಪ್ರತಿ ತೆಗೆಯಲು ಈ ವಿಧಾನದಲ್ಲಿ ನೆಗೆಟಿವ್ ಇರಲಿಲ್ಲ. ತಗಡೇ ಚಿತ್ರ, ಅದೊಂದೇ ಪ್ರತಿ. ಸಿಪ್ಪೆಯೆದ್ದ ಮುಖ ಬೇಕಾದರೆ, ಆ ಮುಖದವರನ್ನೇ ಮತ್ತೆ ಕರೆದು ಬೆಳಕಿನಲ್ಲಿ ಅಲುಗದಂತೆ ಕೂರಿಸಬೇಕಾಗಿತ್ತು.