ಮರುವಸತಿ ರಬ್ಬರ್ ತೋಟಗಳ ಕೂಲಿ: ಹಿನ್ನೆಲೆ ಮತ್ತು ಲೆಕ್ಕಾಚಾರ

ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ ಹಾಗೂ ಕಡಬ ಸೀಮೆಯಲ್ಲಿ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ನೆಡುತೋಪುಗಳಿವೆ. ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳಿಗೆ ಉದ್ಯೋಗ ಹಾಗೂ ವಸತಿ ಕಲ್ಪಿಸುವುದು ಈ ತೋಟಗಳ ಮೂಲ ಉದ್ದೇಶವಾಗಿತ್ತು.

ಹಿನ್ನೆಲೆ

ಬ್ರಿಟಿಷರ ಆಳ್ವಿಕೆಯಲ್ಲಿ ಸಿಲೋನಿನ ಚಹಾ ತೋಟಗಳಿಗೆ ದುಡಿಯಲು ಹೋದವರ ಸಂತತಿಯಲ್ಲಿ ಹೆಚ್ಚಿನವರನ್ನು ಅಲ್ಲಿನ 1948ರ ಪೌರತ್ವ ಕಾಯ್ದೆಯು ನಾಡಿಲ್ಲದವರನ್ನಾಗಿಸಿತು. 1964ರ ಅಕ್ಟೋಬರ್ 30ರಂದು ಪ್ರಧಾನಿಗಳಾದ ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ಸಹಿ ಹಾಕಿದ ಒಪ್ಪಂದದಂತೆ 5.25 ಲಕ್ಷ ಜನರನ್ನು ಭಾರತವು ಸ್ವೀಕರಿಸಬೇಕಾಯಿತು. 3 ಲಕ್ಷ ಜನರಿಗೆ ಸಿಲೋನ್ ಪೌರತ್ವ ನೀಡಬೇಕಾಯಿತು. ಉಳಿದ 1.5 ಲಕ್ಷ ಜನರನ್ನು 1974ರಲ್ಲಿ ಸಮನಾಗಿ ಹಂಚಿಕೊಳ್ಳಲಾಯಿತು. ಹಡಗಿನಲ್ಲಿ ರಾಮೇಶ್ವರಕ್ಕೆ ಬಂದಿಳಿದು, ಮಂಡಪಂ ಶಿಬಿರವನ್ನು ದಾಟಿ ಅನೇಕರು ದಕ್ಷಿಣದ ರಾಜ್ಯಗಳ ತೋಟಗಳಿಗೆ ತೆರಳಿದರು. ಕರ್ನಾಟಕದ ಪಾಲಿಗೆ ಬಂದವರು 1971ರಲ್ಲಿ ಸ್ಥಾಪನೆಗೊಂಡ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆ ಕಂಡರು.

ಕೂಲಿಯ ಲೆಕ್ಕ

ರಬ್ಬರ್ ಟ್ಯಾಪರನ ದಿನ ನಸುಕಿನಲ್ಲೇ ಆರಂಭವಾಗುತ್ತದೆ. ಬಿಸಿಲೇರಿದಂತೆ ಮರದಿಂದ ಹಾಲು ಇಳಿಯುವುದು ಕುಂಠಿತವಾಗುವುದೇ ಇದಕ್ಕೆ ಕಾರಣ. ಒಬ್ಬರಿಗೆ ಒಂದು ಬ್ಲಾಕಿನ ಸುಮಾರು 300 ಮರಗಳನ್ನು ಒಪ್ಪಿಸುವುದು ವಾಡಿಕೆ. ದಿನಗೂಲಿಯು ಮೂಲ ವೇತನ ಹಾಗೂ ಬೆಲೆ ಸೂಚ್ಯಂಕವನ್ನು ಅನುಸರಿಸುವ ತುಟ್ಟಿಭತ್ಯೆಯನ್ನು ಒಳಗೊಂಡಿರುತ್ತದೆ. ನಿಗದಿತ ಪ್ರಮಾಣಕ್ಕಿಂತ ಅಧಿಕ ಹಾಲು ತಂದವರಿಗೆ ಹೆಚ್ಚುವರಿ ಹಣ ನೀಡುವ ಪದ್ಧತಿ ರಬ್ಬರ್ ತೋಟಗಳಲ್ಲಿದೆ. ಇದನ್ನು ಹಾಲಿನ ತೂಕದ ಮೇಲಲ್ಲದೆ, ಅದರಲ್ಲಿನ ಒಣ ರಬ್ಬರ್ ಅಂಶದ ಮೇಲೆ ಎಣಿಸಲಾಗುತ್ತದೆ. ನೀರು ಬೆರೆತ ಹಾಲಿಗೆ ಬೆಲೆಯಿಲ್ಲ. ಮಳೆಗಾಲದಲ್ಲಿ ಮರಕ್ಕೆ ಪ್ಲಾಸ್ಟಿಕ್ ಹೊದಿಕೆ ಕಟ್ಟದಿದ್ದರೆ ಟ್ಯಾಪಿಂಗ್ ನಿಲ್ಲುತ್ತದೆ. ಎಲೆಯುದುರುವ ಫೆಬ್ರವರಿ, ಮಾರ್ಚಿನಲ್ಲೂ ಇಳುವರಿ ಕುಸಿಯುತ್ತದೆ. ಹೀಗಾಗಿ ಟ್ಯಾಪರನ ಆದಾಯಕ್ಕೂ ಋತುಮಾನದ ಏರಿಳಿತವುಂಟು.

ಕೂಲಿಯಾಚೆ

ಕಾನೂನಿನಂತೆ ಕನಿಷ್ಠ ಶೇ. 8.33 ಬೋನಸ್, ಭವಿಷ್ಯನಿಧಿ ಹಾಗೂ ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ವೇತನದಷ್ಟು ಉಪದಾನ ಸಲ್ಲುತ್ತವೆ. ಮನೆ, ವೈದ್ಯಕೀಯ ಸೌಲಭ್ಯ, ಶಿಶುವಿಹಾರಗಳನ್ನು ಒದಗಿಸುವ ಹೊಣೆಯನ್ನು 1951ರ ತೋಟ ಕಾರ್ಮಿಕರ ಕಾಯ್ದೆಯು ಮಾಲೀಕರ ಮೇಲೆ ಹೊರಿಸಿತ್ತು.

ಆದರೆ ಈ ಮನೆಯು ಕೆಲಸಕ್ಕೆ ಕಟ್ಟುಬಿದ್ದದ್ದು. ಕೆಲಸ ಮುಗಿದಾಗ ಕೂಲಿಯೊಡನೆ ಸೂರಿನ ಆಸರೆಯೂ ತಪ್ಪುವ ಭಯ ಕಾಡುತ್ತದೆ. ಹಿಂದಿರುಗಲು ಸ್ವಂತ ಊರಾಗಲೀ, ಜಮೀನಾಗಲೀ ಇಲ್ಲದ ಕುಟುಂಬಕ್ಕೆ ದಿನಗೂಲಿಯ ಏರಿಕೆಯಷ್ಟೇ ನಿವೃತ್ತಿಯ ನಂತರದ ನೆಲೆಯೂ ಮುಖ್ಯ ಪ್ರಶ್ನೆಯಾಗಿದೆ.