ಶ್ರೀರಂಗಪಟ್ಟಣವೂ ಅದರ ಸುತ್ತಣ ಸೀಮೆಯೂ

ಮೈಸೂರು ಸಂಸ್ಥಾನವೆಂದೊಡನೆ ವಾಚಕರ ಮನಸ್ಸು ಚಾಮುಂಡಿಬೆಟ್ಟದ ಕಡೆಗೂ ಅದರ ತಪ್ಪಲಿನ ಅರಮನೆಯ ಕಡೆಗೂ ಓಡುವುದು ಸಹಜವೇ. ಆದರೆ ಆ ಸಂಸ್ಥಾನವು ಪಾಳೆಯಪಟ್ಟಿನ ಸ್ಥಿತಿಯಿಂದ ರಾಜ್ಯದ ಪದವಿಗೆ ಏರಿದುದು ಕಾವೇರಿಯ ಎರಡು ಕವಲುಗಳ ನಡುವಣ ದ್ವೀಪವಾದ ಶ್ರೀರಂಗಪಟ್ಟಣದಲ್ಲಿ. 1610ರಿಂದ 1799ರವರೆಗೆ, ಎಂದರೆ ಎರಡು ಶತಮಾನಗಳಿಗೆ ಹನ್ನೊಂದೇ ವರ್ಷ ಕಡಮೆಯಾಗಿ, ಅದು ರಾಜಧಾನಿಯಾಗಿದ್ದಿತು. ಅಲ್ಲಿ ಆಳ್ವಿಕೆಗಾಗಿ ಕಟ್ಟಿದುದು ಬಹುಮಟ್ಟಿಗೆ ಅಳಿಯಿತು. ದೇವರಿಗಾಗಿಯೂ ನೀರಿಗಾಗಿಯೂ ಕಟ್ಟಿದುದು ಬಹುಮಟ್ಟಿಗೆ ಉಳಿಯಿತು. ನೋಟಕರು ಕೋಟೆಯನ್ನೊಮ್ಮೆ ಸುತ್ತಿ ಹೊರಟುಬಿಡುವುದರಿಂದ ಈ ವ್ಯತ್ಯಾಸವು ಅವರ ಗಮನಕ್ಕೆ ಬರುವುದಿಲ್ಲ.

ಕೋಟೆಯ ಮೊದಲ ಕಥೆ ನಾಗಮಂಗಲದ್ದು. ಆ ಊರಿನ ತಿಮ್ಮಣ್ಣ ಹೆಬ್ಬಾರನು ತನಗೆ ದೊರೆತ ನಿಧಿಯಿಂದ 1454ರಲ್ಲಿ ಇದನ್ನು ಕಟ್ಟಿಸಿದನೆಂದೂ, ಕಳಸವಾಡಿಯ ನೂರೊಂದು ಬಸದಿಗಳನ್ನು ಕಿತ್ತು ಆ ಕಲ್ಲುಗಳಿಂದ ರಂಗನಾಥನ ಗುಡಿಯನ್ನು ವಿಸ್ತರಿಸಿದನೆಂದೂ ಪ್ರತೀತಿಯಿದೆ. ಸಂಖ್ಯೆಯಲ್ಲಿ ಕಥೆಯ ಅಂಶವಿರಬಹುದು. ಮುಂದೆ ವಿಜಯನಗರದ ಪ್ರತಿನಿಧಿಯಾದ ತಿರುಮಲರಾಜನಿಂದ ರಾಜ ಒಡೆಯರು ಪಟ್ಟಣವನ್ನು ಪಡೆದು, ಅಲ್ಲಿಯೇ ಸಿಂಹಾಸನವನ್ನೇರಿ, ನವರಾತ್ರಿಯ ಮಹೋತ್ಸವವನ್ನು ಆರಂಭಿಸಿದರು. ತಮ್ಮ ಮೂಲಪುರುಷರು 1399ರಲ್ಲಿ ದ್ವಾರಕೆಯಿಂದ ಬಂದ ಯದುವಂಶದವರೆಂಬುದು ಈ ಅರಸುಮನೆತನದ ನಂಬಿಕೆ. ಅಲಮೇಲಮ್ಮನ ಶಾಪದ ಕಥೆಯನ್ನು ಮಕ್ಕಳೂ ಬಲ್ಲರಾದುದರಿಂದ ಇಲ್ಲಿ ವಿಸ್ತರಿಸಬೇಕಾದುದಿಲ್ಲ.

ಮಕ್ಕಳು ಅರಿಯದಿರುವುದು ಕಾಲುವೆಗಳ ಕಥೆ. 1638ರಲ್ಲಿ ಪಟ್ಟಕ್ಕೆ ಬಂದು, ಬಿಜಾಪುರದ ರಣದುಲ್ಲಾಖಾನನ ದಂಡನ್ನು ಹಿಮ್ಮೆಟ್ಟಿಸಿದ ಕಂಠೀರವ ನರಸರಾಜ ಒಡೆಯರ ಶೌರ್ಯವನ್ನು ಎಲ್ಲರೂ ಕೊಂಡಾಡುವರು. ಅವರ ಕಾಲದ ಬಂಗಾರದೊಡ್ಡಿ ನಾಲೆಯನ್ನು ನೆನೆಯುವವರು ವಿರಳ. ನದಿಗೆ ಅಣೆಯನ್ನು ಕಟ್ಟಿ, ನೀರನ್ನು ತಿರುಗಿಸಿ, ಮೇಲ್ಗಾಲುವೆಯಿಂದ ಹೊಳೆಯ ಕವಲನ್ನೇ ದಾಟಿಸಿ ದ್ವೀಪದ ಗದ್ದೆಗಳಿಗೆ ಹರಿಸಿದ ಕೆಲಸವದು. ಸುತ್ತಲೂ ನೀರಿದ್ದರೂ ಹೊಳೆಯು ತಗ್ಗಿನಲ್ಲಿಯೂ ಹೊಲವು ಎತ್ತರದಲ್ಲಿಯೂ ಇರುವಲ್ಲಿ ಇಂತಹ ಉಪಾಯವಿಲ್ಲದೆ ಬತ್ತ ಬೆಳೆಯದು. ಚಿಕ್ಕದೇವರಾಜ ಒಡೆಯರ ಹೆಸರಿನ ನಾಲೆಯೂ ಇದೇ ಜಾತಿಯದು.

1761ರಲ್ಲಿ ಅಧಿಕಾರವು ಹೈದರಾಲಿಯ ಕೈಸೇರಿತು. ಆಮೇಲಿನ ನಾಲ್ಕು ದಶಕಗಳಲ್ಲಿ ಈ ಸೀಮೆಯಲ್ಲಿ ದಂಡು ತುಳಿಯದ ನೆಲವು ಕಡಮೆ. 1771ರಲ್ಲಿ ಚಿನಕುರಳಿಯ ಬಳಿ ಹೈದರನು ಮರಾಠರಿಗೆ ಸೋತು ಓಡಿಹೋದನು, ಮೇಲುಕೋಟೆ ಸೂರೆಯಾಯಿತು. ಹಿರೋಡೆಯ ಹತ್ತಿರ ಫ್ರೆಂಚರ ಪಾಳೆಯವಿದ್ದುದರಿಂದ ಆ ಊರಿಗೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಅಂಟಿತು. ಕುಂತಿಬೆಟ್ಟದ ಐತಿಹ್ಯವನ್ನು ನೆನಪಿಗೆ ತರುವ ಪಾಂಡವಪುರವೆಂಬ ಹೆಸರು ಆಮೇಲೆ ಬಂದುದು. 1791ರಲ್ಲಿ ಕಾರ್ನವಾಲಿಸನು ರಾಜಧಾನಿಯ ಸಮೀಪಕ್ಕೆ ಬಂದೂ ಅನ್ನವಿಲ್ಲದೆ ಹಿಂದಿರುಗಬೇಕಾಗಿ, ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆಯಿಸಿಹಾಕಿದನು.

1799ನೆಯ ಮೇ 4ರಂದು ಕೋಟೆ ಬಿದ್ದು ಟಿಪ್ಪುಸುಲ್ತಾನನು ಮಡಿದನು. ಜೂನ್ 30ರಂದು ಐದು ವರ್ಷದ ಬಾಲಕರಾದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾದುದು ಮೈಸೂರಿನಲ್ಲಿ. ದ್ವೀಪವನ್ನು ಇಂಗ್ಲಿಷರು ತಮ್ಮಲ್ಲಿಯೇ ಇರಿಸಿಕೊಂಡರು. ತನ್ನ ಹಳೆಯ ರಾಜಧಾನಿಗೆ ಮೈಸೂರು ಸರ್ಕಾರವು ವರ್ಷಕ್ಕೆ 50,000 ರೂಪಾಯಿ ಗುತ್ತಿಗೆಯನ್ನು ತೆರುವಂತಾಯಿತು! ಬೆಂಗಳೂರಿನ ದಂಡುಪ್ರದೇಶಕ್ಕೆ ಬದಲಾಗಿ ಅದು ಸಂಸ್ಥಾನಕ್ಕೆ ಮರಳಿದುದು 1881ರಲ್ಲಿ. ಅಷ್ಟರಲ್ಲಿ ಊರು ಬರಿದಾಗಿದ್ದಿತು. ಟಿಪ್ಪುವಿನ ಕಾಲದಲ್ಲಿ ಒಂದೂವರೆ ಲಕ್ಷ ಜನರಿದ್ದಿರಬೇಕೆಂದು ಬುಕಾನನನ ಅಂದಾಜು; 1800ರಲ್ಲಿ ಅವನು ಬಂದಾಗ ಇದ್ದವರು ಸುಮಾರು 32,000. ಚಳಿಜ್ವರದ ಹಾವಳಿಯನ್ನು ತಾಳಲಾರದೆ ಇಂಗ್ಲಿಷರ ದಂಡೂ 1809ರಲ್ಲಿ ಬೆಂಗಳೂರಿಗೆ ಹೊರಟುಹೋಯಿತು. ಸುಲ್ತಾನನ ಅರಮನೆಯ ಮರಮುಟ್ಟುಗಳು ನೀಲಗಿರಿಯನ್ನೇರಿ ಉದಕಮಂಡಲದ ಸಂತ ಸ್ಟೀಫನ್ನರ ಇಗರ್ಜಿಗೆ ತೊಲೆಗಳಾದುವು. ಒಡೆಯರ ಅರಮನೆಯನ್ನಂತೂ ಕೋಟೆಯೊಳಗೆ ಇಂದು ಹುಡುಕಿದರೂ ಕಾಣಲಾಗದು. ಪೊಳ್ಳಿಲೂರಿನ ಕಾಳಗವನ್ನು ಗೋಡೆಯ ಮೇಲೆ ಧರಿಸಿದ ದರಿಯಾ ದೌಲತ್ ಉಳಿದುದಕ್ಕೆ, ಕರ್ನಲ್ ವೆಲ್ಲೆಸ್ಲಿಯು ಅದನ್ನು ತನ್ನ ವಾಸಕ್ಕೆ ಆರಿಸಿಕೊಂಡುದೂ ಒಂದು ಕಾರಣವಿರಬಹುದು.

ಆದರೆ ರಂಗನಾಥನ ಪೂಜೆ ನಿಲ್ಲಲಿಲ್ಲ. ಟಿಪ್ಪು ಕಟ್ಟಿಸಿದ ಮಸೀದಿಯ ಜೋಡಿ ಮಿನಾರುಗಳೂ ನಿಂತಿವೆ. ಸೂರೆಯಾದ ಮೇಲುಕೋಟೆಯಲ್ಲಿ ವೈರಮುಡಿಯ ರಾತ್ರಿ ಜನಸಾಗರವು ಸೇರುತ್ತದೆ. ರಾಜ ಒಡೆಯರು ಒಪ್ಪಿಸಿದ ರಾಜಮುಡಿಯನ್ನೂ ಚೆಲುವನಾರಾಯಣನು ಧರಿಸುತ್ತಾನೆ. ನಾಗಮಂಗಲದ ಸೌಮ್ಯಕೇಶವನ ಗುಡಿಯೂ, ಹೊಸಹೊಳಲು, ಕಿಕ್ಕೇರಿ, ಗೋವಿಂದನಹಳ್ಳಿಗಳ ಹೊಯ್ಸಳ ಶಿಲ್ಪವೂ ಒಡೆಯರಿಗಿಂತ ಹಿಂದಿನವು. ಹೊಸಹೊಳಲಿನ ತಳಪಾದಿಯಲ್ಲಿ ಸಾಲುಗಟ್ಟಿದ ಆನೆ ಕುದುರೆಗಳನ್ನೂ ರಾಮಾಯಣ ಭಾರತಗಳ ಕಥಾಪಟ್ಟಿಗಳನ್ನೂ ನೋಡಲು ಅರ್ಧ ದಿನವಾದರೂ ಬೇಕು. ಕೃಷ್ಣರಾಜಪೇಟೆಯಿಂದ ಅದು ಕೂಗಳತೆಯ ದೂರ; ಹೋಗುವವರು ಮಾತ್ರ ಅಲ್ಪ.

ನೀರಿನ ಕೆಲಸವೂ ಒಡೆಯರ ಕಾಲುವೆಗಳೊಡನೆ ಮುಗಿಯಲಿಲ್ಲ. 1911ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸವು ಆರಂಭವಾದಾಗ, ಅಲ್ಲಿಯೇ ಕಟ್ಟೆಯೊಂದನ್ನು ಕಟ್ಟಬೇಕೆಂದಿದ್ದ ಟಿಪ್ಪುಸುಲ್ತಾನನ ಪಾರಸಿ ಶಾಸನವೊಂದು ದೊರೆಯಿತು. ಅದನ್ನು ಕಟ್ಟೆಯ ಬಳಿಯಲ್ಲಿಯೇ ನಿಲ್ಲಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರನ್ನು ಹೊತ್ತ ಜಲಾಶಯವು ತುಂಬಿದಾಗ ಹಳೆಯ ಕನ್ನಂಬಾಡಿಯೂ ಅದರ ವೇಣುಗೋಪಾಲನ ಗುಡಿಯೂ ಮುಳುಗಿದುವು. ನೀರು ಬಹಳ ಇಳಿದ ಬೇಸಿಗೆಗಳಲ್ಲಿ ಗುಡಿಯ ಕಂಬಗಳು ಕೆಸರಿನಿಂದ ತಲೆಯೆತ್ತುತ್ತಿದ್ದುವು. ಈ ಶತಮಾನದಲ್ಲಿ ಅದರ ಕಲ್ಲುಗಳನ್ನು ಬಿಚ್ಚಿ ತಂದು ಹೊಸ ಕನ್ನಂಬಾಡಿಯ ದಡದಲ್ಲಿ ಮತ್ತೆ ಜೋಡಿಸಿದ್ದಾರೆ.